ಯುರೋಪಿನ ‘ಇಂಕು’ ಎಲ್ಲಿಂದ ಬಂತು? ಒಂದು ಲ್ಯಾಟಿನ್ ಪದದ ಜಾಡು ಹಿಡಿಯುವ ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನ ‘ಇಂಕ್’, ಫ್ರೆಂಚಿನ ‘ಆಂಕ್ರ್’, ಇಟಾಲಿಯನ್ನಿನ ‘ಇಂಕ್ಯೋಸ್ತ್ರೋ’, ಝೆಕ್ ಭಾಷೆಯ ‘ಇಂಕೋಉಸ್ತ್’ – ಈ ನಾಲ್ಕೂ ‘ಎಂಕಾಉಸ್ತುಮ್’ ಎಂಬ ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದವು. ಜರ್ಮನ್ನರ ‘ಟಿಂಟೆ’ಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ತಪ್ಪು. ಪೋಲಿಷ್‌ನ ‘ಅತ್ರಾಮೆಂತ್’ ಈ ಎರಡಕ್ಕೂ ಸಂಬಂಧಿಸಿದ್ದಲ್ಲ. ಯಾವುದು ಯಾವುದರಿಂದ ಬಂತು ಎಂದು ಕಿವಿಗೆ ಕೇಳಿದಷ್ಟರಲ್ಲೇ ತೀರ್ಮಾನಿಸಿದರೆ ಎಡವುವುದು ಖಂಡಿತ. ತೀರ್ಪು ಕೊಡಬೇಕಾದ್ದು ಎರಡೇ: ದಾಖಲೆಯ ಕಾಲ ಮತ್ತು ಧ್ವನಿ ಬದಲಾವಣೆಯ ನಿಯಮ. ಕಥೆ ಎಷ್ಟೇ ಚೆನ್ನಾಗಿದ್ದರೂ ಈ ಎರಡರ ಹಿಂದೆಯೇ ನಿಲ್ಲಬೇಕು.

ಬೇಕಾಗುವ ಸಾಮಗ್ರಿ

ಲ್ಯಾಟಿನ್‌ಗೆ ಲೂಯಿಸ್ ಮತ್ತು ಶಾರ್ಟ್ ಅವರ 1879ರ ನಿಘಂಟು ಸಾಕು. ಪರ್ಸಿಯಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಹಳೆಯ ಲ್ಯಾಟಿನ್ನಿನದು. ಮಧ್ಯಯುಗದ ಬಳಕೆಗೆ 1678ರಲ್ಲಿ ಮೊದಲು ಅಚ್ಚಾದ ದ್ಯು ಕಾಂಜ್ ಕೋಶ ಬೇಕು. ಫ್ರೆಂಚ್‌ಗೆ ‘ಟ್ರೆಸೋರ್’ ನಿಘಂಟು, ಜರ್ಮನ್‌ಗೆ ಡಿಡಬ್ಲ್ಯೂಡಿಎಸ್ ತಾಣದಲ್ಲಿರುವ ಫೈಫರ್ ಅವರ ವ್ಯುತ್ಪತ್ತಿ ಕೋಶ, ನಡುಗಾಲದ ಇಂಗ್ಲಿಷ್‌ಗೆ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು – ಇವಕ್ಕೂ ದುಡ್ಡು ಕೊಡಬೇಕಾಗಿಲ್ಲ. ಆಕ್ಸ್‌ಫರ್ಡ್‌ನ ದೊಡ್ಡ ಇಂಗ್ಲಿಷ್ ನಿಘಂಟಿಗೆ ಚಂದಾ ಇದೆ. ಗ್ರಂಥಾಲಯದ ಸದಸ್ಯತ್ವದಿಂದ ಸಿಗುವುದಾದರೆ ಬಿಡಬೇಡಿ.

ಇದರ ಜೊತೆಗೆ ಆರು ಕಲಮುಗಳ, ಅಂದರೆ ಕಾಲಮ್ಮುಗಳ, ಒಂದು ಹಾಳೆ: ಭಾಷೆ, ರೂಪ, ಸಿಕ್ಕ ಅತಿ ಹಳೆಯ ಕಾಲ, ಆಗಿನ ಅರ್ಥ, ಹಿಂದಿನ ರೂಪ, ಬಂದ ಬಗೆ. ರೂಪದ ಕಲಮಿನಲ್ಲಿ ಆಯಾ ಭಾಷೆಯ ಮೂಲ ಲಿಪಿಯ ಕಾಗುಣಿತವನ್ನೇ ಬರೆಯಿರಿ. ಈ ಲೇಖನದಲ್ಲಿ ಓದಲು ಹಗುರವಾಗಲೆಂದು ಎಲ್ಲವೂ ಕನ್ನಡ ಅಕ್ಷರದಲ್ಲಿದೆ, ಆದರೆ ನಿಮ್ಮ ಹಾಳೆಯಲ್ಲಿ ಹಾಗೆ ಮಾಡಿದರೆ ಅರ್ಧ ಸಾಕ್ಷ್ಯ ಕಳೆದುಹೋಗುತ್ತದೆ. ಫ್ರೆಂಚ್ ಪದವನ್ನು ‘ಆಂ’ ಎಂದು ಉಚ್ಚರಿಸಿದರೂ ಬರೆಯುವುದು ‘ಎ’ ಅಕ್ಷರದಿಂದ. ಹಳೆಯ ಉಚ್ಚಾರಣೆ ಉಳಿದಿರುವುದೇ ಆ ಅಕ್ಷರದಲ್ಲಿ. ಕಾಗುಣಿತ ಮೋಸ ಮಾಡುವುದೂ ಉಂಟು. ಝೆಕ್ ಭಾಷೆಯಲ್ಲಿ 1849ರ ಸುಧಾರಣೆಯ ತನಕ ‘ಅಉ’ ಎಂದು ಬರೆದು ‘ಒಉ’ ಎಂದು ಓದುತ್ತಿದ್ದರು. ಹಳೆಯ ಝೆಕ್ ಪುಸ್ತಕದಲ್ಲಿ ‘ಇಂಕಾಉಸ್ತ್’ ಎಂದು ಕಂಡರೆ ಅದನ್ನು ಬೇರೆ ಪದವೆಂದು ದಾಖಲಿಸಿಕೊಳ್ಳಬೇಡಿ.

ಹೆಜ್ಜೆ 1: ಅರ್ಥಕ್ಕೆ ಬೇಲಿ ಹಾಕಿ

‘ಬರೆಯುವ ಶಾಯಿ’ ಎಂದಷ್ಟೇ ಇಟ್ಟುಕೊಳ್ಳಿ. ಜರ್ಮನ್ನಿನಲ್ಲಿ ಅಚ್ಚಿನ ಶಾಯಿಗೆ ‘ಟಿಂಟೆ’ ಎನ್ನುವುದಿಲ್ಲ. ಅದಕ್ಕೆ ಮುದ್ರಕರ ಕಪ್ಪು ಎಂಬರ್ಥದ ಬೇರೆಯೇ ಪದವಿದೆ. ಪೋರ್ಚುಗೀಸಿನ ‘ತಿಂತಾ’ ಗೋಡೆಗೆ ಬಳಿಯುವ ಬಣ್ಣವೂ ಹೌದು. ಬೇಲಿ ಇಲ್ಲದೆ ಹೊರಟರೆ ಪಟ್ಟಿ ಬಣ್ಣದಂಗಡಿಯ ಕಡೆಗೆ ತಿರುಗಿಬಿಡುತ್ತದೆ.

ಹೆಜ್ಜೆ 2: ರೂಪಗಳನ್ನು ಕೂಡಿಸಿ, ವ್ಯಂಜನ ನೋಡಿ ವಿಂಗಡಿಸಿ

ಕನಿಷ್ಠ 15 ಭಾಷೆ ಹಿಡಿಯಿರಿ. ಅನುವಾದ ಯಂತ್ರ ಇಂದಿನ ಪದವನ್ನು ಮಾತ್ರ ಕೊಡುತ್ತದೆ. ಪೋಲಿಷ್ ಕೇಳಿದರೆ ‘ಅತ್ರಾಮೆಂತ್’ ಬರುತ್ತದೆ, ಹಳೆಯ ‘ಇಂಕಾಉಸ್ತ್’ ಬರುವುದೇ ಇಲ್ಲ. ಆದ್ದರಿಂದ ಆಯಾ ಭಾಷೆಯ ನಿಘಂಟಿಗೇ ಹೋಗಿ. ಜರ್ಮನ್‌ನ ಹಳೆಯ ಪುಸ್ತಕಗಳಲ್ಲಿ ‘ಟ’ದ ಬದಲು ‘ಡಿಂಟೆ’ ಎಂದೂ ಇರುತ್ತದೆ. ಎರಡೂ ಅಕ್ಷರಗಳ ಅಡಿಯಲ್ಲಿ ಹುಡುಕಿ.

ಸ್ವರಗಳು ಬೇಗ ಬದಲಾಗುತ್ತವೆ, ವ್ಯಂಜನಗಳು ಸ್ವಲ್ಪ ಗಟ್ಟಿ. ಹಾಗಾಗಿ ಮೊದಲ ವಿಂಗಡಣೆ ವ್ಯಂಜನಗಳ ಮೇಲೆ ನಡೆಯಲಿ. ನಾಲ್ಕು ಗುಂಪು ಕಾಣುತ್ತವೆ.

ಮೊದಲನೆಯದು ನ-ಕ ಗುಂಪು: ಇಂಗ್ಲಿಷ್ ಇಂಕ್, ವೆಲ್ಷ್ ಇಂಕ್, ಡಚ್ ಇಂಕ್ಟ್, ಫ್ರೆಂಚ್ ಆಂಕ್ರ್, ಇಟಾಲಿಯನ್ ಇಂಕ್ಯೋಸ್ತ್ರೋ, ಝೆಕ್ ಇಂಕೋಉಸ್ತ್, ಹಳೆಯ ಪೋಲಿಷ್ ಇಂಕಾಉಸ್ತ್. ಇದೇ ನಮ್ಮ ‘ಎಂಕಾಉಸ್ತುಮ್’ ಗುಂಪು.

ಎರಡನೆಯದು ತ-ನ-ತ: ಸ್ಪ್ಯಾನಿಷ್, ಪೋರ್ಚುಗೀಸ್, ಕತಲಾನ್, ಹಂಗೇರಿಯನ್, ಕ್ರೊಯೇಷಿಯನ್‌ಗಳಲ್ಲಿ ತಿಂತಾ, ಜರ್ಮನ್ ಟಿಂಟೆ, ಎಸ್ಟೋನಿಯನ್ ತಿಂತ್. ಇವುಗಳ ಮೂಲ ‘ತಿಂಗೆರೆ’, ಅಂದರೆ ಅದ್ದು, ಬಣ್ಣ ಹಾಕು ಎಂಬ ಲ್ಯಾಟಿನ್ ಕ್ರಿಯಾಪದ. ಅದರ ಕೃದಂತ ‘ತಿಂಕ್ತಾ’ ಎಂದರೆ ಬಣ್ಣ ಹಾಕಿದ್ದು.

ಮೂರನೆಯದು ತ-ರ-ಮ: ಪೋಲಿಷ್ ಮತ್ತು ಸ್ಲೊವಾಕ್‌ನ ಅತ್ರಾಮೆಂತ್. ಲ್ಯಾಟಿನ್ನಿನಲ್ಲಿ ‘ಆತೆರ್’ ಎಂದರೆ ಮಂಕುಗಪ್ಪು; ‘ಆತ್ರಾಮೆಂತುಮ್’ ರೋಮನ್ನರ ನಿತ್ಯದ ಮಸಿ.

ಉಳಿದವು ಲ್ಯಾಟಿನ್ ಅಲ್ಲ. ರಷ್ಯನ್ ಚೆರ್ನಿಲಾ, ಸ್ವೀಡಿಷ್ ಬ್ಲೆಕ್, ಫಿನ್ನಿಷ್ ಮುಸ್ತೆ, ಐರಿಷ್ ದೂಖ್, ಗ್ರೀಕ್ ಮೆಲಾನಿ – ಎಲ್ಲದರ ಒಳಗೂ ‘ಕಪ್ಪು’ ಎಂಬ ಅರ್ಥದ ಮೂಲವಿದೆ. ಲಿಥುವೇನಿಯನ್ನಿನ ‘ರಾಶಾಲಾಸ್’ ಮಾತ್ರ ಬರೆ ಎಂಬ ಕ್ರಿಯೆಯಿಂದ ಬಂದದ್ದು.

ಇಲ್ಲಿ ಎರಡು ವಿಷಯ ಗಮನಿಸಿ. ರೊಮೇನಿಯನ್ ಲ್ಯಾಟಿನ್ನಿನಿಂದಲೇ ಹುಟ್ಟಿದ ಭಾಷೆ, ಆದರೂ ಅದರ ‘ಚೆರ್ನ್ಯಾಲ’ ಸ್ಲಾವಿಕ್ ಮೂಲದ್ದು. ಭಾಷೆಯ ಕುಲ ನೋಡಿ ಪದದ ಕುಲ ಹೇಳಲಾಗದು. ಎರಡನೆಯದು ಇನ್ನೂ ತಮಾಷೆ: ಲ್ಯಾಟಿನ್ನಿಗೆ ‘ಎಂಕಾಉಸ್ತುಮ್’ ಕೊಟ್ಟ ಗ್ರೀಕರೇ ಶಾಯಿಗೆ ಅದನ್ನು ಬಳಸುವುದಿಲ್ಲ. ಹೊಸ ಒಡಂಬಡಿಕೆಯ ಕಾಲದಲ್ಲೂ ಅವರ ಶಾಯಿ ‘ಮೆಲಾನ್’, ಕಪ್ಪು, ಇಂದಿಗೂ ಅದೇ.

ಹೆಜ್ಜೆ 3: ಪ್ರತಿ ಗುಂಪಿನ ಅತಿ ಹಳೆಯ ರೂಪಕ್ಕೆ ಇಳಿಯಿರಿ

ಇಂದಿನ ರೂಪಗಳನ್ನು ಒಂದಕ್ಕೊಂದು ಹೋಲಿಸುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ‘ಇಂಕ್’ ಮತ್ತು ‘ಆಂಕ್ರ್’ ಪಕ್ಕಪಕ್ಕ ಇಟ್ಟರೆ ಆ ‘ರ’ಕಾರ ತಲೆನೋವು ತರುತ್ತದೆ. ಹಳೆಯ ಫ್ರೆಂಚಿಗೆ ಇಳಿದರೆ ಅಲ್ಲಿ ‘ರ’ಕಾರವೇ ಇಲ್ಲ. 11ನೇ ಶತಮಾನದ ಸಂತ ಅಲೆಕ್ಸಿಸನ ಕಥನಕಾವ್ಯದಲ್ಲಿ ಅದು ‘ಎಂಕ’, ಆಮೇಲೆ ‘ಎಂಕೆ’. ಇಂಗ್ಲಿಷಿಗೆ 13ನೇ ಶತಮಾನದಲ್ಲಿ ಹೋದದ್ದು ಈ ‘ರ’ ಇಲ್ಲದ ರೂಪ. ಆಗ ಇಂಗ್ಲಿಷಿನಲ್ಲೂ ‘ಎಂಕೆ’ ಎಂದೇ ಬರೆಯುತ್ತಿದ್ದರು. ಫ್ರೆಂಚರ ‘ರ’ ಸಾಲ ಕೊಟ್ಟ ನಂತರ ಬೆಳೆದದ್ದು. ಎರಡು ಸಾಲು ದಾಖಲೆಯಿಂದ ಇಷ್ಟು ಇತ್ಯರ್ಥವಾಗುತ್ತದೆ.

ನಿಘಂಟುಗಳಲ್ಲಿ ಪದದ ಮುಂದೆ ನಕ್ಷತ್ರ ಚಿಹ್ನೆ ಕಂಡರೆ ಅದು ಎಲ್ಲೂ ಬರೆದು ಸಿಕ್ಕದ, ವಿದ್ವಾಂಸರು ಊಹಿಸಿ ಕಟ್ಟಿದ ರೂಪ. ಅದಕ್ಕೆ ಕಾಲದ ಕಲಮಿನಲ್ಲಿ ಇಸವಿ ತುಂಬಬೇಡಿ.

ಹೆಜ್ಜೆ 4: ಧ್ವನಿ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ನಿಯಮ ಸರಳ: ಒಂದು ಧ್ವನಿ ಈ ಪದದಲ್ಲಿ ಬದಲಾಗಿದೆ ಎನ್ನುವುದಾದರೆ, ಅದೇ ಭಾಷೆಯ ಇನ್ನೂ ಎರಡು ಮೂರು ಪದಗಳಲ್ಲಿ ಅದೇ ಬದಲಾವಣೆ ತೋರಿಸಬೇಕು. ತೋರಿಸಲಾಗದಿದ್ದರೆ ನಿಮ್ಮ ಕೈಯಲ್ಲಿರುವುದು ಹೋಲಿಕೆ, ವ್ಯುತ್ಪತ್ತಿಯಲ್ಲ.

ಇಂಗ್ಲಿಷಿನಿಂದ ಶುರು ಮಾಡಿ. ‘ಎಂಕೆ’ ಹೇಗೆ ‘ಇಂಕ್’ ಆಯಿತು? ‘ಙ’ಕಾರದ ಮುಂಚಿನ ‘ಎ’ ಇಂಗ್ಲಿಷಿನಲ್ಲಿ ‘ಇ’ ಆಗುತ್ತದೆ. ಹಳೆಯ ‘ಸ್ಟ್ರೆಂಗ್’ ಇಂದು ಸ್ಟ್ರಿಂಗ್, ‘ವೆಂಗೆ’ ಇಂದು ವಿಂಗ್. ಇಂಗ್ಲಿಷ್ ಎಂಬ ಹೆಸರನ್ನೇ ‘ಎ’ಯಿಂದ ಬರೆದು ‘ಇ’ಯಿಂದ ಓದುತ್ತಾರೆ. ಪರೀಕ್ಷೆ ಪಾಸು.

ಫ್ರೆಂಚ್ ಅಷ್ಟು ಸುಲಭವಲ್ಲ. ಇಲ್ಲಿ ಒತ್ತು, ಅಂದರೆ ಉಚ್ಚಾರಣೆಯ ಬಲ, ಎಲ್ಲಿ ಬೀಳುತ್ತದೆ ಎಂಬುದು ನಿರ್ಣಾಯಕ. ಲ್ಯಾಟಿನ್ ನಿಯಮದಂತೆ ಕೊನೆಯಿಂದ ಎರಡನೆಯ ಅಕ್ಷರ ಗುರುವಾಗಿದ್ದರೆ ಒತ್ತು ಅದರ ಮೇಲೆ. ‘ಎಂ-ಕಾಉಸ್-ತುಮ್’ನಲ್ಲಿ ‘ಕಾಉಸ್’ ಗುರು, ಆದ್ದರಿಂದ ಒತ್ತು ನಡುವೆ. ಹಾಗಿದ್ದರೆ ಫ್ರೆಂಚಿನಲ್ಲಿ ಏನಾಗಬೇಕಿತ್ತು? ಲ್ಯಾಟಿನ್ ‘ಕಾಉಸಾ’ ಫ್ರೆಂಚಿನಲ್ಲಿ ‘ಶೋಜ್’ ಆಗಿದೆ: ಒತ್ತಿನ ‘ಕಾಉ’ ಎಂಬುದು ‘ಶೋ’ ಆಯಿತು. ಅದೇ ದಾರಿಯಲ್ಲಿ ನಮ್ಮ ಪದದ ನಡುವೆಯೂ ‘ಶೋ’ ಇರಬೇಕಿತ್ತು. ಇಲ್ಲ. ಬದಲಿಗೆ ನಡುವಿನ ಭಾಗವೇ ಸವೆದುಹೋಗಿ ‘ಎಂಕೆ’ ಉಳಿದಿದೆ. ಸವೆಯುವುದು ಒತ್ತಿಲ್ಲದ ಅಕ್ಷರ. ಹಾಗಾದರೆ ಒತ್ತು ಮೊದಲ ಅಕ್ಷರದ ಮೇಲಿತ್ತು. ಎಲ್ಲಿಂದ ಬಂತು ಆ ಒತ್ತು? ಗ್ರೀಕಿನಿಂದ. ಗ್ರೀಕ್ ‘ಎಂಕಾಉಸ್ತೊನ್’ ಪದದ ಒತ್ತು ಮೊದಲಕ್ಷರದ ಮೇಲೇ ಇದೆ. ಗಾಲ್ ಪ್ರದೇಶದವರು, ಅಂದರೆ ಇಂದಿನ ಫ್ರಾನ್ಸಿನ ಕಡೆಯವರು, ಪದವನ್ನು ಗ್ರೀಕ್ ಒತ್ತಿನೊಂದಿಗೆ ಉಚ್ಚರಿಸಿದರು, ಇಟಲಿಯವರು ಲ್ಯಾಟಿನ್ ಒತ್ತಿನೊಂದಿಗೆ. ಫ್ರೆಂಚ್ ಪದ ಗಿಡ್ಡ, ಇಟಾಲಿಯನ್ ಪದ ಉದ್ದ ಆಗಿರುವುದಕ್ಕೆ ಕಾರಣ ಇಷ್ಟೇ.

ಬಾಲಕ್ಕೆ ಬೆಳೆದ ‘ರ’ಕಾರಕ್ಕೂ ಜೊತೆಗಾರರಿದ್ದಾರೆ. ಹೀಗೆ ಮೊದಲಿಗೆ ಒತ್ತಿದ್ದು ಕೊನೆ ಸವೆದ ಪದಗಳಲ್ಲಿ ಫ್ರೆಂಚ್ ‘ರ’ ತಂದಿಡುವುದುಂಟು: ‘ದಿಯಾಕೊನುಸ್’ ದ್ಯಾಕ್ರ್ ಆಯಿತು, ‘ಕೊಫಿನುಸ್’ ಕೊಫ್ರ್ ಆಯಿತು. ಅವುಗಳಲ್ಲಿ ‘ನ’ಕಾರ ‘ರ’ ಆಗಿದೆ. ನಮ್ಮ ಪದ ಆ ಸಾಲನ್ನು ನೋಡಿ ನಕಲು ಮಾಡಿದಂತಿದೆ. ಆದ್ದರಿಂದ ಹಾಳೆಯಲ್ಲಿ ಇದನ್ನು ‘ಸಾದೃಶ್ಯದಿಂದ’ ಎಂದು ಬರೆಯಿರಿ, ‘ನಿಯಮದಿಂದ’ ಎಂದಲ್ಲ.

ಇಟಾಲಿಯನ್ನಿನಲ್ಲಿ ‘ಅಉ’ ಎಂಬುದು ‘ಓ’ ಆಗುತ್ತದೆ: ಆಉರುಮ್ ಓರೋ, ತಾಉರುಸ್ ತೋರೋ. ಈ ಲೆಕ್ಕದಲ್ಲಿ ನಿರೀಕ್ಷಿಸಬೇಕಾದ್ದು ‘ಇಂಕೋಸ್ತೋ’. ಬಂದದ್ದು ‘ಇಂಕ್ಯೋಸ್ತ್ರೋ’. ಒಂದು ‘ಯ’, ಒಂದು ‘ರ’ ಹೆಚ್ಚುವರಿ. ಇಟಾಲಿಯನ್ನಿನಲ್ಲಿ ‘ಕ್ಯ’ ಬರುವುದು ಲ್ಯಾಟಿನ್ ‘ಕ್ಲ’ದಿಂದ: ‘ಕ್ಲಾರುಸ್’ ಕ್ಯಾರೋ, ‘ಕ್ಲಾವಿಸ್’ ಕ್ಯಾವೆ. ಹಾಗಾದರೆ ಯಾವುದೋ ‘ಕ್ಲ’ ಇರುವ, ‘ಸ್ತ್ರ’ ಇರುವ ಪದ ಇದಕ್ಕೆ ತಗುಲಿಕೊಂಡಿರಬೇಕು. ಅಂಥದ್ದು ‘ಕ್ಲಾಉಸ್ತ್ರುಮ್’, ಮುಚ್ಚಿದ ಆವರಣ. ಇಟಾಲಿಯನ್ನಿನಲ್ಲಿ ‘ಕ್ಯೋಸ್ತ್ರೋ’, ಮಠದ ಒಳಾಂಗಣ. ಎರಡೂ ಹೆಚ್ಚುವರಿ ಧ್ವನಿಗಳನ್ನು ಒಂದೇ ಏಟಿಗೆ ವಿವರಿಸುವುದರಿಂದ ವಿದ್ವಾಂಸರು ಇದನ್ನು ಒಪ್ಪುತ್ತಾರೆ. ಸನ್ಯಾಸಿಗಳು ಮಠದಲ್ಲಿ ಕೂತು ಬರೆಯುತ್ತಿದ್ದರಲ್ಲ, ಅದಕ್ಕೇ ಹೀಗಾಯಿತು ಎಂದು ಮುಂದುವರಿಸಲು ನಾಲಿಗೆ ತುರಿಸುತ್ತದೆ. ಬೇಡ. ಧ್ವನಿಯ ಹೋಲಿಕೆಯೊಂದೇ ಇಂಥ ಬೆರಕೆಗೆ ಸಾಕು, ಸನ್ಯಾಸಿಗಳಿಗೆ ಸಾಕ್ಷ್ಯವಿಲ್ಲ.

‘ತಿಂತಾ’ ಗುಂಪಿಗೆ ಇಷ್ಟು ಶ್ರಮ ಬೇಡ. ಸಾಂಕ್ತುಸ್ ಸಾಂತೋ, ಪುಂಕ್ತುಮ್ ಪುಂತೋ, ತಿಂಕ್ತಾ ತಿಂತಾ. ನಡುವಿನ ‘ಕ’ ಬಿತ್ತು, ಅಷ್ಟೆ. ಜರ್ಮನ್ನಿನ ಹಳೆಯ ರೂಪದಲ್ಲಿ ಆ ‘ಕ’ ಇನ್ನೂ ಇದೆ.

ಹೆಜ್ಜೆ 5: ಮನೆಯದೇ, ಸಾಲವೇ?

ಬಾಯಿಂದ ಬಾಯಿಗೆ ಬಂದ ಪದ ಸವೆಯುತ್ತದೆ. ಪುಸ್ತಕದಿಂದ ಎತ್ತಿಕೊಂಡ ಪದ ಮೈ ತುಂಬಿಕೊಂಡಿರುತ್ತದೆ. ಝೆಕ್ ಮತ್ತು ಪೋಲಿಷ್ ರೂಪಗಳಲ್ಲಿ ‘ಸ್ತ’ ಹಾಗೇ ಇದೆ. ಕಾರಣ ಸ್ಪಷ್ಟ: ಅಲ್ಲಿಯವರು ಪಡೆದದ್ದು ಚರ್ಚು ಮತ್ತು ಕಚೇರಿಯ ಲ್ಯಾಟಿನ್ನಿನಿಂದ. ಇಂಗ್ಲಿಷಿನಲ್ಲಿ ಒಂದೇ ಮೂಲ ಎರಡು ಸಲ ಬಂದಿದೆ: ಸವೆದದ್ದು ‘ಇಂಕ್’, ಸವೆಯದ್ದು ‘ಎನ್ಕಾಸ್ಟಿಕ್’, ಅಂದರೆ ಮೇಣದ ಬಣ್ಣವನ್ನು ಕಾಯಿಸಿ ಬರೆಯುವ ಚಿತ್ರಕಲೆ. ಇಂಥ ಜೋಡಿ ಸಿಕ್ಕರೆ ಎರಡನ್ನೂ ದಾಖಲಿಸಿ, ಬಂದ ದಾರಿ ಬೇರೆ ಎಂದು ಗುರುತು ಹಾಕಿ.

ಯುರೋಪಿನ ಹೊರಗಿನ ಸಾಲಗಳನ್ನು ಪಟ್ಟಿಯ ಕೊನೆಗೆ ಹಾಕಿ. ಸಿಂಹಳದ ‘ತೀಂತ’, ಇಂಡೊನೇಷ್ಯನ್ನಿನ ‘ತಿಂತಾ’ ಪೋರ್ಚುಗೀಸರು ಬಿಟ್ಟುಹೋದವು. ಜಪಾನಿನ ‘ಇಂಕಿ’ ಡಚ್ಚರದು.

ಹೆಜ್ಜೆ 6: ಅರ್ಥ ನಡೆದ ದಾರಿ

ಗ್ರೀಕಿನಲ್ಲಿ ‘ಎನ್’ ಎಂದರೆ ಒಳಗೆ, ‘ಕಾಇಯೆನ್’ ಎಂದರೆ ಸುಡು. ‘ಎಂಕಾಉಸ್ತೊನ್’ ಎಂದರೆ ಸುಟ್ಟು ಒಳಗಿಳಿಸಿದ್ದು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ ಗ್ರಂಥದ 35ನೇ ಸಂಪುಟದಲ್ಲಿ ಈ ಮಾತಿನಿಂದ ಹೇಳುವುದು ಚಿತ್ರಕಲೆಯನ್ನು, ಶಾಯಿಯನ್ನಲ್ಲ.

ಸುಡುವುದರಿಂದ ಬರೆಯುವುದಕ್ಕೆ ಬಂದದ್ದು ಹೇಗೆ? ಜನಪ್ರಿಯ ಉತ್ತರ ಹೀಗಿದೆ: ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು ಕೂಡಿಸಿ ಮಾಡಿದ ಮಸಿ ಚರ್ಮದ ಹಾಳೆಯನ್ನು ‘ಸುಟ್ಟು’ ಒಳಗಿಳಿಯುತ್ತದೆ, ಅದಕ್ಕೇ ಈ ಹೆಸರು. ರಸಾಯನದ ಮಟ್ಟಿಗೆ ಇದರಲ್ಲಿ ಹುರುಳಿದೆ. ದೀಪದ ಕಾಡಿಗೆಯ ಮಸಿ ಹಾಳೆಯ ಮೇಲ್ಮೈಯಲ್ಲಿ ಕೂರುತ್ತದೆ, ಒದ್ದೆ ಬಟ್ಟೆಗೆ ಬಿಟ್ಟುಬರುತ್ತದೆ. ಮಾಚಿಕಾಯಿಯ ಮಸಿ ಬರೆಯುವಾಗ ಪೇಲವ. ಒಳಗೆ ಹೀರಿಕೊಂಡ ಮೇಲೆ ಗಾಳಿಗೆ ಕಬ್ಬಿಣ ಉತ್ಕರ್ಷಣಗೊಂಡು ಅಲ್ಲೇ ಕಪ್ಪಾಗುತ್ತದೆ. ಅನ್ನಭೇದಿ ಹೆಚ್ಚಾದರೆ ಕಾಗದವನ್ನೇ ತಿನ್ನುತ್ತದೆ.

ಆದರೆ ದಾಖಲೆ ಬೇರೆ ಮಾತು ಹೇಳುತ್ತದೆ. ಶಾಯಿ ಎಂಬ ಅರ್ಥದಲ್ಲಿ ಈ ಪದಕ್ಕೆ ಲೂಯಿಸ್-ಶಾರ್ಟ್ ಕೊಡುವ ಆಧಾರ ರೋಮನ್ ಕಾನೂನುಗಳ ಸಂಗ್ರಹವಾದ ಜಸ್ಟಿನಿಯನ್ನನ ಸಂಹಿತೆ, 1ನೇ ಪುಸ್ತಕ, 23ನೇ ಶೀರ್ಷಿಕೆ, 6ನೇ ಕಾನೂನು. ಅದು 470ರಲ್ಲಿ ಚಕ್ರವರ್ತಿ ಲಿಯೋ ಹೊರಡಿಸಿದ್ದು. ರಾಜಾಜ್ಞೆಗೆ ಚಕ್ರವರ್ತಿ ನೇರಳೆಗೆಂಪು ಶಾಯಿಯಲ್ಲೇ ಸಹಿ ಹಾಕಬೇಕು, ಈ ‘ಪವಿತ್ರ ಎಂಕಾಉಸ್ತುಮ್’ ಅನ್ನು ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಶಾಯಿ ಮಾಡುತ್ತಿದ್ದುದು ಮ್ಯೂರೆಕ್ಸ್ ಎಂಬ ಕಡಲ ಶಂಖದ ಹುಳುವನ್ನು ಬೇಯಿಸಿ. ಬೇಯಿಸಿದ್ದು, ಕಾವು ಎಂಬ ಮಾತುಗಳು ಕಾನೂನಿನ ಪಠ್ಯದಲ್ಲೇ ಇವೆ. ಅಂದರೆ ಬೆಂಕಿ ಇದ್ದದ್ದು ಹಾಳೆಯ ಮೇಲಲ್ಲ, ಒಲೆಯ ಮೇಲೆ, ಬಣ್ಣವೂ ಕಪ್ಪಲ್ಲ. ಮಾಚಿಕಾಯಿಯ ಕಥೆ ಪದ ಆಮೇಲೆ ಹರಡಲು ನೆರವಾಗಿರಬಹುದು, ಹುಟ್ಟಿಗೆ ಕಾರಣ ಎನ್ನಲಾಗದು. ಹಾಳೆಯಲ್ಲಿ ಇದನ್ನು ‘ಸಂಭವ’ ಎಂದಷ್ಟೇ ಗುರುತಿಸಿ.

ಹೆಜ್ಜೆ 7: ಸೋತ ಪದಗಳನ್ನೂ ಬರೆದಿಡಿ

ಹೊಸ ಪದ ಖಾಲಿ ಜಾಗಕ್ಕೆ ಬರುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಶಾಯಿ ‘ಬ್ಲಾಕ್’, ಮಸಿಕುಡಿಕೆ ‘ಬ್ಲಾಕ್‌ಹಾರ್ನ್’ – ಸ್ವೀಡಿಷರು ಇಂದಿಗೂ ಉಳಿಸಿಕೊಂಡಿರುವ ಮಾತೇ. ಹಳೆಯ ಫ್ರೆಂಚಿನಲ್ಲಿ ‘ಆತ್ರಾಮೆಂತುಮ್’ ಸವೆದು ‘ಅರೆಮಾಂ’ ಆಗಿ ಬದುಕಿತ್ತು, ಆಮೇಲೆ ಸತ್ತಿತು.

ಸೋತ ಪದ ಬೇರೆ ಅರ್ಥಕ್ಕೆ ಜಾರುವುದೂ ಇದೆ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವ ‘ಆತ್ರಾಮೆಂತುಮ್’ ರಾಳ ಸುಟ್ಟು ಹಿಡಿದ ಕಾಡಿಗೆ. ಬರೆಯಲಿಕ್ಕೆ ಗೋಂದು, ಗೋಡೆಗೆ ಸರೇಸು ಬೆರೆಸುತ್ತಿದ್ದರು. ಚಮ್ಮಾರರು ಚರ್ಮ ಕಪ್ಪಾಗಿಸಲು ಬಳಸುತ್ತಿದ್ದ ಲವಣಕ್ಕೂ ಅದೇ ಹೆಸರಿತ್ತು. ಕುಶಲಕಲೆಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ 12ನೇ ಶತಮಾನದ ಥಿಯೋಫಿಲಸ್ ಮುಳ್ಳುಗಿಡದ ತೊಗಟೆಯನ್ನು ಕುದಿಸಿ ಮಸಿ ಮಾಡುವ ವಿಧಾನ ಬರೆಯುವಾಗ ಮಸಿಗೆ ‘ಇಂಕಾಉಸ್ತುಮ್’ ಎನ್ನುತ್ತಾನೆ. ಕಪ್ಪು ಸಾಲದಿದ್ದರೆ ಬೆರಳು ದಪ್ಪದ ‘ಆತ್ರಾಮೆಂತುಮ್’ ತುಂಡನ್ನು ಕೆಂಡದಲ್ಲಿ ಕಾಯಿಸಿ ಅದಕ್ಕೆ ಹಾಕಿ ಎನ್ನುತ್ತಾನೆ. ಅಲ್ಲಿ ‘ಶಾಯಿಗೆ ಶಾಯಿ ಹಾಕಿ’ ಎಂದು ಓದಿದರೆ ಕೆಟ್ಟಿರಿ. ಅವನ ಮಾತಿನಲ್ಲಿ ಅದು ಅನ್ನಭೇದಿಯಂಥ ಲವಣ. ಅರ್ಥದ ಕಲಮಿಗೆ ಕಾಲ ಜೋಡಿಸಿ ಬರೆಯಿರಿ ಎನ್ನುವುದು ಇದಕ್ಕೇ.

ಎಡವುವ ಜಾಗಗಳು

ಇಂಗ್ಲಿಷಿನ ‘ಇಂಕ್ಲಿಂಗ್’ಗೆ ಇಂಕಿನ ಸಂಬಂಧವಿಲ್ಲ, ಅದು ಪಿಸುದನಿಯಲ್ಲಿ ಹೇಳು ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು. ಪೋಲಿಷ್‌ನ ‘ಇಂಕಾಸೆಂತ್’ ಬಿಲ್ಲು ವಸೂಲಿಗಾರ, ಅವನ ಮೂಲ ಇಟಾಲಿಯನ್ನಿನ ‘ಇಂಕಾಸ್ಸೋ’. ಇಂಗ್ಲಿಷಿನ ‘ಕಾಸ್ಟಿಕ್’ ಮಾತ್ರ ನಿಜವಾದ ನೆಂಟ: ಅದೇ ಗ್ರೀಕ್ ‘ಸುಡು’.

ಹೆಜ್ಜೆ 8: ನಮೂದು ಬರೆಯುವುದು, ಕನ್ನಡದ ಸಾಲು ಸೇರಿಸುವುದು

ಹಿಂದಿನಿಂದ ಮುಂದಕ್ಕೆ, ಪ್ರತಿ ಕೊಂಡಿಗೂ ಬಂದ ಬಗೆ ಹೇಳಿ ಬರೆಯಿರಿ. ಕನ್ನಡದ ‘ಇಂಕು’ ಈ ಸರಣಿಯ ಕೊನೆಯ ಕೊಂಡಿ: ಗ್ರೀಕ್ ಎಂಕಾಉಸ್ತೊನ್, ಸಾಲವಾಗಿ ಲ್ಯಾಟಿನ್ ಎಂಕಾಉಸ್ತುಮ್, ಗ್ರೀಕ್ ಒತ್ತಿನೊಂದಿಗೆ ಸವೆದು ಹಳೆಯ ಫ್ರೆಂಚ್ ಎಂಕೆ, ಸಾಲವಾಗಿ ಇಂಗ್ಲಿಷ್ ಇಂಕ್, ಸಾಲವಾಗಿ ಕನ್ನಡ ಇಂಕು. ಕೊನೆಯ ‘ಉ’ ಬಸ್ಸು, ಬ್ಯಾಂಕುಗಳಲ್ಲಿ ಸೇರಿದಂತೆಯೇ ಸೇರಿದ್ದು. ಧ್ವನಿ ಪರೀಕ್ಷೆಗೆ ಆ ಎರಡು ಪದಗಳೇ ಸಾಕ್ಷಿ.

ಅಭ್ಯಾಸಕ್ಕೆ ‘ಶಾಯಿ’ ತೆಗೆದುಕೊಳ್ಳಿ. ಎಂಕಾಉಸ್ತುಮ್ ಓದಿದ ತಲೆಗೆ ಆದಿಲ್‌ಶಾಹಿಯ ‘ಶಾಹಿ’ ನೆನಪಾಗಿ, ಇದೂ ರಾಜರ ಮಸಿ ಎಂದು ಹೊಳೆದುಬಿಡುತ್ತದೆ. ಹಿಂದಿಯ ‘ಸ್ಯಾಹೀ’, ಮರಾಠಿಯ ‘ಶಾಈ’ ಪಕ್ಕದಲ್ಲಿಟ್ಟು ನೋಡಿ: ಇವುಗಳ ಮೂಲ ಪರ್ಷಿಯನ್ ‘ಸಿಯಾಹೀ’, ಕಪ್ಪು ಎಂಬರ್ಥದ ‘ಸಿಯಾಹ್’ನಿಂದ. ‘ಹ’ ಬಿದ್ದ ಮರಾಠಿ ರೂಪ ನಮ್ಮದಕ್ಕೆ ತೀರ ಹತ್ತಿರ. ಹಾಗಾಗಿ ಶಾಯಿ ಹೋಗಬೇಕಾದ್ದು ಚೆರ್ನಿಲಾ, ಬ್ಲೆಕ್, ಮೆಲಾನಿಗಳ ಗುಂಪಿಗೆ. ‘ಮಸಿ’ಯನ್ನು ಸಂಸ್ಕೃತದ ‘ಮಷಿ’, ‘ಮಸಿ’ ರೂಪಗಳಿಂದ ಶುರು ಮಾಡಿ. ಕಿಟ್ಟೆಲ್ ಅವರ 1894ರ ನಿಘಂಟು ಮೊದಲು ತೆರೆಯಬೇಕಾದ ಪುಸ್ತಕ. ಜಾಲದಲ್ಲಿ ನೋಡುವುದಾದರೆ ‘ಅಲರ್’ ಎಂಬ ಕನ್ನಡ ನಿಘಂಟು ಇದೆ, ಅದರ ವಿಳಾಸ ಕೊನೆಯಾಗುವುದೂ ‘ಡಾಟ್ ಇಂಕ್’ ಎಂದೇ.